ಮೃಚ್ಛಕಟಿಕದಲ್ಲಿ ಅವಸರದ ನ್ಯಾಯ

ಸಂಸ್ಕೃತ ನಾಟ್ಯಶಾಸ್ತ್ರವು ‘ಪ್ರಕರಣ’ವೆಂದು ಕರೆಯುವುದು ಕವಿಯೇ ಕಲ್ಪಿಸಿದ ಕಥಾವಸ್ತುವನ್ನುಳ್ಳ, ರಾಜರ್ಷಿಗಳ ಬದಲು ಬ್ರಾಹ್ಮಣ, ಅಮಾತ್ಯ, ವಣಿಕರನ್ನು ನಾಯಕರನ್ನಾಗಿ ಉಳ್ಳ ರೂಪಕಭೇದವನ್ನು. ಕನ್ನಡದ ದಿನಬಳಕೆಯಲ್ಲಿ ಅದೇ ಶಬ್ದ ಠಾಣೆಯಲ್ಲಿ ದಾಖಲಾಗಿ ನ್ಯಾಯಾಲಯದಲ್ಲಿ ವಿಚಾರಣೆಗೆ ಬರುವ ಮೊಕದ್ದಮೆಗೂ ಸಲ್ಲುತ್ತದೆ. ಶೂದ್ರಕನ ಮೃಚ್ಛಕಟಿಕವು ಈ ಎರಡೂ ಅರ್ಥಗಳಲ್ಲಿ ಪ್ರಕರಣವಾಗಿದೆ. ಜೂಜುಕೋರರ ಜಗಳ, ಕನ್ನಗಳವು, ಸೆರೆಯಿಂದ ಪಲಾಯನ, ಬಂಡಿಗಳ ಅದಲುಬದಲು, ಕತ್ತು ಹಿಸುಕುವಿಕೆ, ಸುಳ್ಳು ದೂರು, ಮರಣದಂಡನೆ ಇವೆಲ್ಲ ಅದರ ಹತ್ತು ಅಂಕಗಳೊಳಗೆ ಒಂದರ ಬೆನ್ನಿಗೆ ಒಂದರಂತೆ ನಡೆಯುತ್ತವೆ. ಆದರೂ ವಿಮರ್ಶೆಯ ಗಮನ ಚಾರುದತ್ತ ವಸಂತಸೇನೆಯರ ಪ್ರಣಯ, ಉಜ್ಜಯಿನಿಯ ನಾಗರಿಕ ಜೀವನ, ಪ್ರಾಕೃತಗಳ ವೈವಿಧ್ಯ ಇವುಗಳ ಮೇಲೆಯೇ ಹೆಚ್ಚಾಗಿ ನಿಂತಿದೆ. ಒಂಬತ್ತನೆಯ ಅಂಕದ ವಿಚಾರಣೆಗೆ ಸಿಗಬೇಕಾದಷ್ಟು ಅವಧಾನ ಸಿಕ್ಕಿಲ್ಲ.

ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ ಪ್ರಕಟಿಸಿದ, ಭಾಸನವೆಂದು ಹೇಳಲಾಗುವ ನಾಟಕಗಳಲ್ಲಿ ‘ಚಾರುದತ್ತ’ವೂ ಒಂದು. ಅದರಲ್ಲಿ ಇರುವುದು ನಾಲ್ಕೇ ಅಂಕಗಳು; ಮೃಚ್ಛಕಟಿಕದ ಮೊದಲ ನಾಲ್ಕು ಅಂಕಗಳಿಗೂ ಅವಕ್ಕೂ ನಿಕಟ ಸಾಮ್ಯವಿದೆ. ಯಾರು ಯಾರಿಂದ ಪಡೆದರೆಂಬ ವಾದ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಅದೇನೇ ಇರಲಿ, ಬಂಡಿಗಳ ಅದಲುಬದಲಾಗಲಿ, ಕೊಲೆಯ ಆರೋಪವಾಗಲಿ, ನ್ಯಾಯಸಭೆಯಾಗಲಿ ಆ ನಾಲ್ಕು ಅಂಕಗಳಲ್ಲಿ ಇಲ್ಲ. ಉಪಲಬ್ಧ ಪಠ್ಯಗಳ ಮಟ್ಟಿಗೆ, ಬಡ ಚಾರುದತ್ತ ಇಬ್ಬರಿಗೂ ಸೇರಿದವನಾದರೆ, ಆರೋಪಿ ಚಾರುದತ್ತ ಶೂದ್ರಕನೊಬ್ಬನ ಸೃಷ್ಟಿ.

ಆರೋಪದ ಬೀಜ ಬೀಳುವುದು ಆರನೆಯ ಅಂಕದಲ್ಲಿ, ಅದೂ ಅತಿ ಕ್ಷುಲ್ಲಕ ಕಾರಣಗಳಿಂದ. ವಸಂತಸೇನೆಯನ್ನು ಪುಷ್ಪಕರಂಡಕ ಉದ್ಯಾನಕ್ಕೆ ಕರೆದೊಯ್ಯಬೇಕಾದ ಬಂಡಿಯ ಹಾಸು ಮರೆತುಹೋಗಿದೆ. ಅದನ್ನು ತರಲು ಸಾರಥಿ ವರ್ಧಮಾನಕ ಬಂಡಿಯನ್ನೇ ಹಿಂದಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಅಷ್ಟರಲ್ಲಿ ಹಳ್ಳಿಯ ಗಾಡಿಗಳು ದಾರಿ ಕಟ್ಟಿದ್ದರಿಂದ ರಾಜಶ್ಯಾಲ ಶಕಾರನ ಬಂಡಿ ಅದೇ ಬಾಗಿಲಲ್ಲಿ ನಿಲ್ಲುತ್ತದೆ. ವಸಂತಸೇನೆ ಅದನ್ನು ಏರುತ್ತಾಳೆ. ಮರಳಿ ಬಂದ ಚಾರುದತ್ತನ ಬಂಡಿಯನ್ನು ಸೆರೆಯಿಂದ ತಪ್ಪಿಸಿಕೊಂಡ ಆರ್ಯಕ ಏರುತ್ತಾನೆ. ಇಲ್ಲಿಂದ ಮುಂದಿನ ಐದು ಅಂಕಗಳ ಕ್ರಿಯೆ ಹೆಚ್ಚುಕಡಿಮೆ ಎರಡು ದಿನಗಳಲ್ಲಿ ಮುಗಿದುಹೋಗುತ್ತದೆ. ಇಂದಿನ ರೋಚಕ ಕಾದಂಬರಿಕಾರ ಅಸೂಯೆಪಡಬಹುದಾದ ವೇಗವಿದು. ಆದರೆ ಪತ್ತೇದಾರಿ ಕಥೆಯ ಮುಖ್ಯ ಕುತೂಹಲವಾದ ‘ಕೊಂದವರು ಯಾರು’ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಶಕಾರ ಕತ್ತು ಹಿಸುಕಿದ್ದನ್ನೂ, ಎಲೆಗಳಡಿ ಮುಚ್ಚಿಹೋದ ವಸಂತಸೇನೆಯನ್ನು ಬೌದ್ಧಭಿಕ್ಷು ಉಪಚರಿಸಿ ಎಬ್ಬಿಸಿದ್ದನ್ನೂ ಪ್ರೇಕ್ಷಕರು ಕಣ್ಣಾರೆ ಕಂಡಿದ್ದಾರೆ. ಸಭೆಗೆ ಗೊತ್ತಿಲ್ಲದ್ದು ರಂಗಮಂದಿರಕ್ಕೆಲ್ಲ ಗೊತ್ತಿದೆ. ನಾಟಕದ ಆತಂಕವೆಲ್ಲ ಈ ಅಂತರದಲ್ಲಿಯೇ ಹುಟ್ಟುತ್ತದೆ.

ಮರುದಿನದ ನ್ಯಾಯಸಭೆಯಲ್ಲಿ ಅಧಿಕರಣಿಕ, ಶ್ರೇಷ್ಠಿ, ಕಾಯಸ್ಥ ಈ ಮೂವರು ಕುಳಿತಿದ್ದಾರೆ. ದುಷ್ಟ ನ್ಯಾಯಾಧೀಶನೊಬ್ಬನನ್ನು ಇಲ್ಲಿ ಕಾಣುವ ಓದುಗರು ನಾಟಕವನ್ನು ಸುಲಭಗೊಳಿಸಿಕೊಳ್ಳುತ್ತಾರೆ. ಅಧಿಕರಣಿಕ ದುಷ್ಟನಲ್ಲ. ಚಾರುದತ್ತನ ಮುಖ ಕಂಡಾಗಲೇ ಅವನಿಗೆ ಆರೋಪದಲ್ಲಿ ನಂಬಿಕೆ ಕುಸಿಯುತ್ತದೆ. ಆಸನ ಕೊಟ್ಟು ಗೌರವಿಸುತ್ತಾನೆ. ಆದರೆ ಅವನು ಅಂಜುಬುರುಕ. ಇಂದು ನಿನ್ನ ವ್ಯವಹಾರ ವಿಚಾರಿಸಲಾಗದು ಎಂದು ಮೊದಲು ಹೇಳಿಕಳುಹಿಸಿದವನು, ಭಾವನಾದ ಅರಸನಿಗೆ ಹೇಳಿ ನಿನ್ನನ್ನು ತೆಗೆಸುತ್ತೇನೆಂದು ಶಕಾರ ಗದರಿಸಿದ ಕೂಡಲೇ ಇಂದೇ ವಿಚಾರಿಸಲು ಒಪ್ಪುತ್ತಾನೆ. (ಕಚೇರಿಗಳ ಮೆಟ್ಟಿಲು ಸವೆಸಿದವರಿಗೆ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಕಿಲ್ಲ.) ಸಭೆಯ ಮೊದಲ ಸೋಲು ಇದು. ಎರಡನೆಯದು ಇನ್ನೂ ಘೋರವಾದುದು. ಹೆಣ್ಣನ್ನು ಯಾರೋ ಕೊಂದಿದ್ದಾರೆ ಎನ್ನುವ ಭರದಲ್ಲಿ ಶಕಾರ ‘ನಾನಲ್ಲ’ ಎಂದು ಬಾಯಿಬಿಡುತ್ತಾನೆ. ಆ ಮಾತು ಬರಹಕ್ಕೂ ಇಳಿಯುತ್ತದೆ. ತಕ್ಷಣ ಎಚ್ಚೆತ್ತು, ಆ ಅಕ್ಷರಗಳನ್ನು ಕಾಲಿನಿಂದ ಒರೆಸಿಹಾಕುತ್ತಾನೆ. ಇಡೀ ಸಭೆ ಇದನ್ನು ನೋಡುತ್ತದೆ. ಯಾರೂ ಅದರ ಬೆನ್ನು ಹತ್ತುವುದಿಲ್ಲ.

ಆಮೇಲೆ ಬರುವ ಸಾಕ್ಷ್ಯಗಳ ವಿಶೇಷವೆಂದರೆ ಅವುಗಳಲ್ಲಿ ಒಂದೂ ಸುಳ್ಳಲ್ಲ. ಮಗಳು ಮಿತ್ರನಾದ ಚಾರುದತ್ತನ ಮನೆಗೆ ಹೋದಳೆಂದು ವಸಂತಸೇನೆಯ ತಾಯಿ ಹೇಳುತ್ತಾಳೆ; ಹೋದದ್ದು ನಿಜ. ಚಂದನಕನಿಂದ ಒದೆ ತಿಂದ ದೂರು ಹೇಳಲು ಬಂದ ಕಾವಲಿನ ವೀರಕ, ಚಾರುದತ್ತನ ಬಂಡಿಯಲ್ಲಿ ವಸಂತಸೇನೆ ಉದ್ಯಾನಕ್ಕೆ ಹೋಗುತ್ತಿದ್ದಾಳೆಂದು ಕೇಳಿದ್ದನ್ನು ಹೇಳುತ್ತಾನೆ. ಅವನು ಹಾಗೆ ಕೇಳಿದ್ದೂ ನಿಜ. ಬಾಗಿಲಲ್ಲಿದ್ದ ಕುದುರೆಯೇರಿ ಉದ್ಯಾನಕ್ಕೆ ಹೋಗಿಬಂದು, ಮೃಗಗಳು ಎಳೆದಾಡುತ್ತಿದ್ದ ಹೆಣ್ಣಿನ ಶವ ಕಂಡೆನೆನ್ನುತ್ತಾನೆ, ಅದೂ ನಿಜ. ಕೊನೆಗೆ ಶಕಾರನೊಡನೆ ಕೈಕೈ ಮಿಲಾಯಿಸಿದ ಮೈತ್ರೇಯನ ಕಂಕುಳಿಂದ ವಸಂತಸೇನೆಯ ಒಡವೆಗಳೇ ಜಾರಿ ಬೀಳುತ್ತವೆ. ನೆರೆಮನೆಯ ಮಗುವಿನ ಚಿನ್ನದ ಬಂಡಿಯನ್ನು ಕಂಡು ಅತ್ತ ರೋಹಸೇನನ ಮಣ್ಣಿನ ಬಂಡಿಗೆ ಅವಳೇ ತುಂಬಿದ ಒಡವೆಗಳು ಅವು. ಮರಳಿಸಲೆಂದು ಚಾರುದತ್ತ ಅವನನ್ನು ಕಳುಹಿಸಿದ್ದ. ನಾಟಕದ ಹೆಸರಿನಲ್ಲಿರುವ ಮಣ್ಣಿನ ಬಂಡಿ ಆಟಿಕೆಯಾಗಿ ಉಳಿಯದೆ ಇಲ್ಲಿ ಗಲ್ಲಿನ ಸಾಕ್ಷಿಯಾಗುತ್ತದೆ. ನಾಲ್ಕು ಸತ್ಯಗಳನ್ನು ಆತುರದಲ್ಲಿ ಕೂಡಿದಾಗ ಬಂದ ಮೊತ್ತ ಒಂದು ಸುಳ್ಳು.

ಚಾರುದತ್ತನ ಮೌನವನ್ನು ಸಾಮಾನ್ಯವಾಗಿ ಅವನ ಔದಾರ್ಯಕ್ಕೋ ದುರದೃಷ್ಟಕ್ಕೋ ಸೇರಿಸಿ ಬಿಡುವುದುಂಟು. ಕಾಗೆಯ ಕೂಗು, ಕಣ್ಣಿನ ಅದುರುವಿಕೆ, ದಾರಿಗಡ್ಡ ಬಂದ ಹಾವು ಮುಂತಾದ ಅಪಶಕುನಗಳು ಆ ಓದಿಗೆ ಒತ್ತಾಸೆಯಾಗಿವೆ. ಆದರೆ ವೀರಕನ ಸಾಕ್ಷ್ಯವನ್ನು ಮುರಿಯುವ ಮಾತು ಅವನ ಬಳಿಯೇ ಇದೆ: ಆ ಬಂಡಿಯಲ್ಲಿದ್ದವನು ಆರ್ಯಕ. ಏಳನೆಯ ಅಂಕದಲ್ಲಿ ಅವನ ಸಂಕೋಲೆ ಬಿಡಿಸಿ ಕಳುಹಿಸಿದವನು ತಾನೇ. ಕರೆ ಬಂದಾಗ ಅವನಿಗೆ ಮೊದಲು ಹೊಳೆಯುವ ಅಂಜಿಕೆಯೂ ಅದೇ. ಕೊಲೆಯ ಆರೋಪದಿಂದ ಪಾರಾಗಬೇಕಾದರೆ ಶರಣು ಬಂದವನನ್ನು ಒಪ್ಪಿಸಿ ರಾಜದ್ರೋಹಿಯಾಗಬೇಕು. ಆದ್ದರಿಂದ ಅವನ ಮೌನ ಬರಿಯ ದೈವಾಧೀನದ್ದಲ್ಲ, ಆಯ್ಕೆಯದೂ ಹೌದು. ವಸಂತಸೇನೆ ಇಲ್ಲವೆಂದು ನಂಬಿದ ಮೇಲೆ ಆ ಮೌನಕ್ಕೆ ಬದುಕಿನ ಬೇಸರವೂ ಸೇರುತ್ತದೆ. ಕೊಂದೆನೆಂದು ಹೇಳು ಎಂದು ಶಕಾರ ಒತ್ತಾಯಿಸಿದಾಗ, ನೀನೇ ಹೇಳಿದ್ದೀಯಲ್ಲ ಎಂಬ ಅವನ ಉತ್ತರ ತಪ್ಪೊಪ್ಪಿಗೆಯಾಗಿ ಸ್ವೀಕೃತವಾಗುತ್ತದೆ. ಬ್ರಾಹ್ಮಣನನ್ನು ಕೊಲ್ಲದೆ ಗಡಿಪಾರು ಮಾಡಬೇಕೆಂದು ಅಧಿಕರಣಿಕ ಮನುವನ್ನು ಉಲ್ಲೇಖಿಸಿ ಸೂಚಿಸಿದರೂ, ರಾಜ ಪಾಲಕ ಒಡವೆಗಳನ್ನು ಕೊರಳಿಗೆ ಕಟ್ಟಿ ಶೂಲಕ್ಕೇರಿಸಲು ಅಪ್ಪಣೆ ಕೊಡುತ್ತಾನೆ.

ಹತ್ತನೆಯ ಅಂಕದಲ್ಲಿ ನಾಟಕದ ಗತಿ ತಿರುಗುತ್ತದೆ. ಇಷ್ಟು ಹೊತ್ತು ಓಡುತ್ತಿದ್ದ ಕಥೆಯ ಕಾಲನ್ನು ಇಬ್ಬರು ಚಂಡಾಲರು ಹಿಡಿದು ನಿಲ್ಲಿಸುತ್ತಾರೆ. ಕೊಲ್ಲುವ ಸರದಿ ಯಾರದೆಂದು ಅವರು ಲೆಕ್ಕ ಹಾಕುತ್ತಾರೆ. ಸರದಿ ಬಂದರೂ ಆತುರಪಡಬೇಡವೆಂದು ಸಾಯುವಾಗ ತಂದೆ ಹೇಳಿದ್ದನ್ನು ಒಬ್ಬನು ನೆನೆಯುತ್ತಾನೆ: ಸಜ್ಜನನೊಬ್ಬ ಹಣ ತೆತ್ತು ಬಿಡಿಸಿಯಾನು, ಅರಸನಿಗೆ ಮಗ ಹುಟ್ಟಿ ಬಂಧಿಗಳ ಬಿಡುಗಡೆಯಾದೀತು, ಆನೆ ಕಟ್ಟು ಹರಿದ ಗೊಂದಲದಲ್ಲಿ ಪಾರಾದಾನು, ರಾಜ್ಯವೇ ಬದಲಾದೀತು. ಶಾಸ್ತ್ರ ಬಲ್ಲ ಸಭೆ ಮರೆತ ವಿವೇಕ ಇದು. ಎತ್ತಿದ ಕತ್ತಿಯೂ ಕೈಯಿಂದ ಜಾರುತ್ತದೆ. ಆ ವಿಳಂಬದಲ್ಲಿಯೇ ಭಿಕ್ಷುವಿನೊಡನೆ ವಸಂತಸೇನೆ ಬಂದು ಮುಟ್ಟುತ್ತಾಳೆ. ಆರ್ಯಕ ಪಾಲಕನನ್ನು ಕೊಂದ ಸುದ್ದಿಯನ್ನು ಶರ್ವಿಲಕ ತರುತ್ತಾನೆ. ಅದಕ್ಕೂ ಮೊದಲು, ತಾನು ಬಲ್ಲ ಸತ್ಯ ಹೇಳಲು ಶಕಾರನ ದಾಸ ಸ್ಥಾವರಕ ಮಾಳಿಗೆಯ ಕಿಟಕಿಯಿಂದ ಧುಮುಕಿದ್ದಾನೆ. ಚಿನ್ನ ಕದ್ದು ಪೆಟ್ಟು ತಿಂದ ಆಳಿನ ಮಾತೆಂದು ಶಕಾರ ಹೇಳಿದ ಒಂದೇ ವಾಕ್ಯಕ್ಕೆ ಆ ಸಾಕ್ಷ್ಯ ಬಿದ್ದುಹೋಗುತ್ತದೆ. ಇಡೀ ಪ್ರಕರಣದಲ್ಲಿ ಪೂರ್ಣ ಸತ್ಯವನ್ನು ಬಲ್ಲ ಒಬ್ಬನೇ ಸಾಕ್ಷಿ ದಾಸನಾದ್ದರಿಂದ ಸಾಕ್ಷಿಯೇ ಆಗಲಿಲ್ಲ.

1941ರ ಕನ್ನಡ ಚಲನಚಿತ್ರ ‘ವಸಂತಸೇನಾ’, ಗಿರೀಶ ಕಾರ್ನಾಡರು ನಿರ್ದೇಶಿಸಿದ 1984ರ ಹಿಂದಿ ಚಿತ್ರ ‘ಉತ್ಸವ್’ ಇವುಗಳ ಹೆಸರುಗಳನ್ನು ನೋಡಿದರೂ ಆಧುನಿಕ ರೂಪಾಂತರಗಳ ಒಲವು ಎತ್ತ ಎಂಬುದು ತಿಳಿಯುತ್ತದೆ. ಮಣ್ಣಿನ ಬಂಡಿ ಶೀರ್ಷಿಕೆಯಿಂದ ಇಳಿದುಹೋದಾಗ, ಅದರೊಳಗಿದ್ದ ಒಡವೆಗಳ ಮೊಕದ್ದಮೆಯೂ ಹಿನ್ನೆಲೆಗೆ ಸರಿಯುವುದು ಸಹಜ.

ನಾಟಕಾಂತ್ಯದಲ್ಲಿ ಬಹುಮಾನಗಳು ಹಂಚಿಕೆಯಾಗುತ್ತವೆ. ಚಾರುದತ್ತನಿಗೆ ಕುಶಾವತಿಯ ರಾಜ್ಯ, ಸ್ಥಾವರಕನಿಗೆ ದಾಸ್ಯದಿಂದ ಮುಕ್ತಿ, ಚಂಡಾಲರಿಗೆ ಒಡೆತನ, ಶಕಾರನಿಗೂ ಕ್ಷಮೆ. ಅಧಿಕರಣಿಕನ ಪ್ರಸ್ತಾಪವಿಲ್ಲ. ಅರಸ ಬದಲಾಗಿದ್ದಾನೆ, ಸಭೆ ಹಾಗೆಯೇ ಇದೆಯೆಂದು ಊಹಿಸಬೇಕು. ವೀರಕ ಕಂಡ ಶವದ ಪ್ರಸ್ತಾಪವೂ ಇಲ್ಲ. ಎಂಟನೆಯ ಅಂಕದಲ್ಲಿ ಉದ್ಯಾನಕ್ಕೆ ಮರಳುವ ವಿಟನು, ದಾರಿಯಲ್ಲಿ ಮರವೊಂದು ಉರುಳಿ ಹೆಂಗಸೊಬ್ಬಳು ಸತ್ತುದನ್ನು ಕಂಡು ಅಪಶಕುನವೆಂದು ಕಳವಳಪಡುತ್ತಾನೆ. ಕವಿ ಎಷ್ಟು ಜಾಗರೂಕನಾಗಿ ಆ ಒಂದು ವಾಕ್ಯವನ್ನು ಅಲ್ಲಿ ಇರಿಸಿದ್ದಾನೆಂಬುದು ಒಂಬತ್ತನೆಯ ಅಂಕಕ್ಕೆ ಬಂದಾಗಲೇ ಗೊತ್ತಾಗುವುದು. ವಸಂತಸೇನೆ ಜೀವಂತವಾಗಿ ಎದುರು ನಿಂತ ಮೇಲೂ, ಹಾಗಾದರೆ ಆ ಶವ ಯಾರದು ಎಂದು ಉಜ್ಜಯಿನಿಯಲ್ಲಿ ಒಬ್ಬರೂ ಕೇಳುವುದಿಲ್ಲ.