ಎದುರಾಳಿಯನ್ನು ಉಳಿಸಿಕೊಟ್ಟ ವಾದ

ಕ್ರೈಸ್ತರ ಆರಂಭಕಾಲದ ಸಮರ್ಥನಾ ಗ್ರಂಥಗಳಲ್ಲಿ ಎದುರಾಳಿಯ ಮುಖ ಕಾಣುವುದೇ ಅಪರೂಪ. ಸುಮಾರು 155ರಲ್ಲಿ ಜಸ್ಟಿನ್ ರೋಮಿನ ಚಕ್ರವರ್ತಿ ಆಂಟೊನೈನಸ್ ಪಯಸ್‌ಗೆ ಅರ್ಜಿಯ ರೂಪದಲ್ಲಿ ಬರೆದ. 197ರಲ್ಲಿ ಕಾರ್ಥೇಜಿನ ಟರ್ಟುಲಿಯನ್ ವಕೀಲನ ಧಾಟಿಯಲ್ಲಿ ಅಧಿಕಾರಿಗಳನ್ನು ಜಾಡಿಸಿದ. ಕ್ರೈಸ್ತರು ಶಿಶುಗಳನ್ನು ಕೊಂದು ತಿನ್ನುತ್ತಾರೆ, ಕತ್ತಲಲ್ಲಿ ಒಡಹುಟ್ಟಿದವರೇ ಕೂಡುತ್ತಾರೆ ಎಂಬಂಥ ಗಾಳಿಮಾತುಗಳಿಗೆ ಇವರು ಉತ್ತರ ಹೇಳಬೇಕಾಗಿತ್ತು. ಅದೇನೂ ಕಷ್ಟದ ಕೆಲಸವಲ್ಲ. ಕ್ರೈಸ್ತ ಚಿಂತಕ ಒರಿಜೆನ್ ಎದುರು ನಿಂತವನು ಮಾತ್ರ ಚೆನ್ನಾಗಿ ಓದಿಕೊಂಡವನು.

ಅವನು ಸೆಲ್ಸಸ್. 178ರ ಆಸುಪಾಸಿನಲ್ಲಿ ‘ಸತ್ಯವಚನ’ ಎಂಬರ್ಥದ ಹೆಸರಿನ ಗ್ರೀಕ್ ಕೃತಿ ಬರೆದ. ಯೆಹೂದಿಗಳ ಶಾಸ್ತ್ರವನ್ನೂ ಕ್ರೈಸ್ತರ ಸುವಾರ್ತೆಗಳನ್ನೂ ತಿರುವಿಹಾಕಿದವನು, ಜತೆಗೆ ಚುಚ್ಚಲು ಬಲ್ಲವನು. ಒಬ್ಬ ಯೆಹೂದಿಯನ್ನು ಪಾತ್ರವಾಗಿ ನಿಲ್ಲಿಸಿ ಅವನ ಬಾಯಿಂದ ಯೇಸುವಿಗೆ ಮಾತು ಹೊಡೆಸುತ್ತಾನೆ: ಕನ್ಯೆಯ ಮಗನೆಂಬುದು ಕಟ್ಟುಕತೆ, ತಂದೆ ಪಂಥೇರನೆಂಬ ಸಿಪಾಯಿ, ಈಜಿಪ್ಟಿಗೆ ಕೂಲಿಗೆ ಹೋಗಿ ಮಾಟ ಕಲಿತು ಬಂದವನು, ಸತ್ತು ಎದ್ದನೆನ್ನುವುದಕ್ಕೆ ಸಾಕ್ಷಿ ಮತಿಗೆಟ್ಟ ಒಬ್ಬ ಹೆಂಗಸು. ಇನ್ನು ಅನುಯಾಯಿಗಳೋ, ಉಣ್ಣೆ ನೇಯುವವರು, ಚಮ್ಮಾರರು, ಅಗಸರು. ಯಜಮಾನನೂ ಉಪಾಧ್ಯಾಯನೂ ಇಲ್ಲದ ಹೊತ್ತು ನೋಡಿ ಮಕ್ಕಳು, ಹೆಂಗಸರ ತಲೆ ಕೆಡಿಸುವವರು.

ಏಳು ದಶಕಗಳ ಮೇಲೆ, ಸುಮಾರು 248ರಲ್ಲಿ, ಪಾಲೆಸ್ತೀನಿನ ಕೈಸರೈಯದಲ್ಲಿದ್ದ ಒರಿಜೆನ್ ಉತ್ತರಕ್ಕೆ ಕೂತ. ಅದೂ ಒಲ್ಲದ ಮನಸ್ಸಿನಿಂದ, ಆಶ್ರಯದಾತ ಅಂಬ್ರೋಸನ ಒತ್ತಾಯಕ್ಕೆ. ಸುಳ್ಳುಸಾಕ್ಷಿಗಳೆದುರು ಯೇಸು ಬಾಯಿ ತೆರೆಯಲಿಲ್ಲವಲ್ಲ, ನಾವೇಕೆ ತೆರೆಯಬೇಕು ಎಂಬ ಅಳುಕಿನಿಂದಲೇ ಮುನ್ನುಡಿ ಶುರುವಾಗುತ್ತದೆ. ಹಾಗೆ ಅಳುಕಿದವನು ಎಂಟು ಸಂಪುಟ ತುಂಬಿಸಿದ ಎನ್ನುವುದು ಬೇರೆ ಮಾತು. ಮೊದಲು ಸಾರಾಂಶ ಬರೆದು ಖಂಡಿಸುವ ಯೋಚನೆಯಿತ್ತು. ಒಂದಿಷ್ಟು ದೂರ ಹೋದಮೇಲೆ ಅದನ್ನು ಬಿಟ್ಟು, ಸೆಲ್ಸಸ್‌ನ ಮಾತನ್ನು ಒಂದೊಂದಾಗಿ ಎತ್ತಿಕೊಂಡು ಅದರ ಕೆಳಗೇ ಉತ್ತರ ಕೊಡುತ್ತಾ ಹೋದ. ಪೂರ್ವಪಕ್ಷವನ್ನು ಮುಂದಿಟ್ಟು ಸಿದ್ಧಾಂತಕ್ಕೆ ಬರುವ ನಮ್ಮ ಶಾಸ್ತ್ರಗ್ರಂಥಗಳ ಓದುಗರಿಗೆ ಈ ದಾರಿ ಹೊಸದಲ್ಲ. ಆದರೆ ನಮ್ಮಲ್ಲಿ ಪೂರ್ವಪಕ್ಷವನ್ನು ಬಹಳ ಸಲ ಸಿದ್ಧಾಂತಿಯೇ ತನಗೆ ಬೇಕಾದಂತೆ ಹೆಣೆದಿರುತ್ತಾನೆ. ಇಲ್ಲಿ ವೈರಿಯ ವಾಕ್ಯ, ವೈರಿಯ ವ್ಯಂಗ್ಯ, ಎಲ್ಲವೂ ಬಹುಮಟ್ಟಿಗೆ ಹಾಗೆಹಾಗೇ ಇವೆ.

ವಾದವೆಲ್ಲ ಗಟ್ಟಿಯೇ? ಅಲ್ಲ. ಕನ್ಯೆ ಹೆರುವುದು ಅಸಂಭವವಲ್ಲ ಎನ್ನಲು ಗಂಡಿನ ಸಂಗವಿಲ್ಲದೆ ಮರಿಮಾಡುವ ರಣಹದ್ದನ್ನು ಕರೆತರುತ್ತಾನೆ; ಆ ಕಾಲದ ಪ್ರಕೃತಿಶಾಸ್ತ್ರ ಅದನ್ನು ಒಪ್ಪಿತ್ತೆಂದು ಮನ್ನಿಸಬಹುದು. ಮನ್ನಿಸಲಾಗದ್ದು ಅವನ ಎರಡು ತಕ್ಕಡಿ. ಮೋಶೆಯ ಕತೆಗಳಿಗೆ ಗೂಢಾರ್ಥ ಹೇಳುವ ಹಕ್ಕು ತನಗಿದೆ. ಗ್ರೀಕರು ತಮ್ಮ ದೇವರ ಕತೆಗಳಿಗೆ ಅದನ್ನೇ ಮಾಡಿದರೆ ಅಶ್ಲೀಲಕ್ಕೆ ಹೊದಿಸಿದ ಬಟ್ಟೆ. ಪ್ರವಾದನೆಗಳು ನೆರವೇರಿದವೆಂಬ ವಾದವೂ ಹಾಗೆಯೇ, ಮೊದಲೇ ನಂಬಿದವರನ್ನು ಮಾತ್ರ ಒಪ್ಪಿಸುತ್ತದೆ. ಸೆಲ್ಸಸ್‌ನ ಯೆಹೂದಿ ಯೂರಿಪಿಡೀಸನ ನಾಟಕದ ಮಾತು ಆಡಿದಾಗ, ಯೆಹೂದಿ ಹೀಗೆ ಮಾತಾಡುತ್ತಾನೆಯೇ ಎಂದು ಹಿಡಿಯುವುದು ಮಾತ್ರ ಒಳ್ಳೆಯ ವಿಮರ್ಶಕನ ಕಣ್ಣು.

ಕೃತಿ ನಿಜವಾಗಿ ಮೇಲೇಳುವುದು ಚಮ್ಮಾರರ ಪ್ರಶ್ನೆಯಲ್ಲಿ. ನಮ್ಮಲ್ಲೂ ಪಂಡಿತರಿದ್ದಾರೆಂದು ಒರಿಜೆನ್ ಹೇಳುವುದುಂಟು. ಅಷ್ಟಕ್ಕೇ ನಿಂತಿದ್ದರೆ ಸೆಲ್ಸಸ್ ಗೆದ್ದಂತೆಯೇ. ಒರಿಜೆನ್ ಮುಂದೆ ಹೋಗಿ ಕೇಳುತ್ತಾನೆ: ಎಲ್ಲರೂ ಕಸುಬು ಬಿಟ್ಟು ತತ್ವಶಾಸ್ತ್ರಕ್ಕೆ ಕೂರಬಹುದಾದರೆ ಅದೇ ದಾರಿ ಇರಲಿ, ಹೊಟ್ಟೆಪಾಡಿನಲ್ಲಿ ಮುಳುಗಿದ ಬಹುಜನರ ಗತಿ ಏನು? ತತ್ವಜ್ಞರು ತಾವಾದರೂ ಎಲ್ಲ ಪಂಥಗಳನ್ನೂ ಒರೆಹಚ್ಚಿ ಒಂದನ್ನು ಆರಿಸಿಕೊಂಡರೇ? ಯಾವ ಗುರು ಕೈಗೆ ಸಿಕ್ಕನೋ ಅವನ ಪಂಥವನ್ನು ನಂಬಿ ಹಿಡಿದರು, ಅಷ್ಟೇ. ಇನ್ನೊಂದೆಡೆ ಅಡುಗೆಯ ಉಪಮೆ ತರುತ್ತಾನೆ: ಪ್ಲೇಟೋ ನಾಜೂಕಾದ ಕೆಲವರ ನಾಲಿಗೆಗೆ ಹದವಾಗಿ ಬೇಯಿಸಿದ, ತಮ್ಮ ಪುಸ್ತಕ ಹಳ್ಳಿಗರೂ ಬಡವರೂ ಉಣ್ಣುವಂತೆ ಬೇಯಿಸಿತು. ಜ್ಞಾನ ಯಾರಿಗಾಗಿ ಎಂಬ ಈ ಪ್ರಶ್ನೆಗೆ ಸೆಲ್ಸಸ್‌ನ ಪಾಂಡಿತ್ಯದಲ್ಲಿ ಜಾಗವೇ ಇಲ್ಲ.

ಈ ಪದ್ಧತಿಗೆ ಇನ್ನೊಂದು ಫಲವೂ ಸಿಕ್ಕಿತು. ಸೆಲ್ಸಸ್‌ನ ಮೂಲಕೃತಿ ಎಂದೋ ಕಳೆದುಹೋಗಿದೆ. ಇವತ್ತು ನಾವು ಓದುವ ಸೆಲ್ಸಸ್ ಪೂರ್ತಿ ಒರಿಜೆನ್‌ನ ಪುಟಗಳಿಂದ ಹೆಕ್ಕಿದವನು. ಮುಂದೆ ಸಾಮ್ರಾಜ್ಯವೇ ಕ್ರೈಸ್ತವಾದಮೇಲೆ, ಅವನಿಗಿಂತ ಹರಿತವಾಗಿ ಬರೆದ ಪೋರ್ಫಿರಿಯ ಪುಸ್ತಕವನ್ನು 448ರಲ್ಲಿ ರಾಜಾಜ್ಞೆಯಿಂದ ಸುಡಿಸಲಾಯಿತು, ಉಳಿದಿರುವುದು ಚೂರುಪಾರು. ಅಧಿಕಾರವಿಲ್ಲದಾಗ ಉತ್ತರ ಬರೆದರು, ಅಧಿಕಾರ ಬಂದಾಗ ಬೆಂಕಿ ಹಚ್ಚಿದರು. ಎರಡರಲ್ಲಿ ಯಾವುದು ಸಮರ್ಥನೆಯೆಂದು ಕೇಳಬೇಕಿಲ್ಲ. ಒರಿಜೆನ್‌ಗೂ ಆ ಅಧಿಕಾರದ ಬಿಸಿ ತಪ್ಪಲಿಲ್ಲ: ಡೆಸಿಯಸ್ ಚಕ್ರವರ್ತಿಯ ಕಾಲದಲ್ಲಿ ಸೆರೆಮನೆಯ ಚಿತ್ರಹಿಂಸೆ ಉಂಡವನನ್ನು ಆರನೆಯ ಶತಮಾನದ ಕ್ರೈಸ್ತ ಸಭೆಯೇ ಪಾಷಂಡಿ ಎಂದಿತು.

ಎಂಟನೆಯ ಸಂಪುಟದ ಕೊನೆಗೆ ಸೆಲ್ಸಸ್‌ನ ಧ್ವನಿ ಬದಲಾಗುತ್ತದೆ. ಗೇಲಿ ಬಿಟ್ಟು ಕರೆಯುತ್ತಾನೆ: ಬನ್ನಿ, ಚಕ್ರವರ್ತಿಗೆ ನೆರವಾಗಿ, ಅವನ ಜತೆ ನಿಂತು ಕಾದಿ, ಹುದ್ದೆ ಹಿಡಿಯಿರಿ, ಎಲ್ಲರೂ ನಿಮ್ಮಂತಾದರೆ ಅವನು ಒಂಟಿಯಾಗಿ, ನಾಡು ಅನಾಗರಿಕರ ಪಾಲಾಗುತ್ತದೆ. ಒರಿಜೆನ್ ಉತ್ತರಿಸುತ್ತಾನೆ: ನಿಮ್ಮ ಗುಡಿಯ ಪುರೋಹಿತರ ಕೈಗೆ ರಕ್ತ ಸೋಕದಂತೆ ನೀವೇ ಅವರನ್ನು ದಂಡಿನಿಂದ ದೂರ ಇಡುತ್ತೀರಿ. ನಾವೂ ಪ್ರಾರ್ಥನೆಯಿಂದ ಅರಸನ ಪರ ಕಾದುತ್ತೇವೆ. ರೋಮನ್ನರೆಲ್ಲ ನಮ್ಮವರಾದರೆ ಯುದ್ಧವೇ ಬೇಕಾಗದು. ಇಡೀ ಕೃತಿಯಲ್ಲಿ ಅತ್ಯಂತ ಧೀರ ಉತ್ತರ ಇದು. ಆದರೆ ಗಡಿ ಕಾಯುವವರು ಬೇರೆ ಯಾರೋ ಇದ್ದಾರೆಂಬ ಭರವಸೆಯ ಮೇಲೆ ನಿಂತದ್ದು. ಐದನೆಯ ಶತಮಾನದ ಆರಂಭಕ್ಕೆ ರೋಮಿನ ಸೈನ್ಯದಲ್ಲಿ ಹಳೆಯ ದೇವರುಗಳ ಪೂಜಕರಿಗೆ ಪ್ರವೇಶ ನಿಷಿದ್ಧವಾಯಿತು, ಕತ್ತಿ ಕ್ರೈಸ್ತರ ಕೈಗೇ ಬಂತು. ಆ ಹೊತ್ತಿಗೆ ಸೆಲ್ಸಸ್‌ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಒರಿಜೆನ್‌ನದಾಗಿರಲಿಲ್ಲ, ಸೆಲ್ಸಸ್ ಬಯಸಿದ್ದೇ ಆಗಿತ್ತು.