ಬೆರಳ ಸಂದಿನ ಬೆಳಕು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ರವಿವರ್ಮನದೆಂದು ನಂಬಿದವರು ಈಗಲೂ ಇದ್ದಾರೆ. ಬರೆದವರು ಎಸ್. ಎಲ್. ಹಲ್ದಂಕರ್, ಅದೂ ಎಣ್ಣೆಬಣ್ಣದಲ್ಲಲ್ಲ, ಜಲವರ್ಣದಲ್ಲಿ. ಈ ಚಿತ್ರವನ್ನು ಎತ್ತಿ ಹಿಡಿದಿರುವುದು ಬಣ್ಣವಲ್ಲ, ಕತ್ತಲು-ಬೆಳಕಿನ ಏರಿಳಿತ ಎಂಬುದು ನನ್ನ ವಾದ. ಇದರ ಕಪ್ಪು-ಬಿಳುಪು ಪ್ರತಿಯನ್ನು ನೋಡಿ: ಕೆಂಪು, ಹಳದಿ ಎಲ್ಲವೂ ಹೋದರೂ ಕಣ್ಣು ಮೊದಲು ಹೋಗುವುದು ದೀಪದ ಬಳಿಗೇ, ಆಮೇಲೆ ಮುಖಕ್ಕೆ. ಜ್ವಾಲೆಗೆ ಮರೆಯಾದ ಅಂಗೈಯ ಬೆರಳುಗಳ ಅಂಚಿನಲ್ಲಿ ಬೆಳಕು ಸೋಸಿ ಬರುತ್ತದೆ. ಅಲ್ಲಿಂದ ದೂರ ಸರಿದಂತೆ ಸೀರೆಯ ನೆರಿಗೆಗಳು ಮಬ್ಬಾಗುತ್ತವೆ. ಪಾರದರ್ಶಕ ಜಲವರ್ಣದಲ್ಲಿ ಬೆಳಕನ್ನು ಬಳಿಯಲಾಗದು, ಕಾಗದದ ಬಿಳುಪನ್ನು ಉಳಿಸಿಕೊಳ್ಳಬೇಕು. ಕತ್ತಲನ್ನು ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೊತ್ತಿರಬೇಕು.

ಇದು ನಾಟಕದ ದೀಪಾಲಂಕಾರದಂಥ ಚಮತ್ಕಾರ ಅಷ್ಟೇ ಎನ್ನುವವರುಂಟು. ಚಮತ್ಕಾರವಾಗಿದ್ದರೆ ಜ್ವಾಲೆಯನ್ನೇ ಮೆರೆಸಬಹುದಿತ್ತು. ಹಲ್ದಂಕರ್ ಅದನ್ನೇ ಮುಚ್ಚಿದ್ದಾರೆ. ರೇಖೆಯೇ ಚಿತ್ರದ ಜೀವಾಳ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಮಲೆನಾಡಿನ ದೀವರ ಸಮುದಾಯದ ಹಸೆಚಿತ್ತಾರದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲಿನ ಬಿಳಿ ಗೆರೆಗಳೇ ಸರ್ವಸ್ವವಲ್ಲವೇ? ನಿಜ, ಆದರೆ ಆ ಬಿಳಿ ಎದ್ದು ಕಾಣುವುದು ಹಿಂದಿನ ಕೆಂಪು ಅಷ್ಟು ಗಾಢವಾಗಿರುವುದರಿಂದ. ಹಲ್ದಂಕರರಲ್ಲೂ ರೇಖೆಗೆ ಕೆಲಸವಿದೆ: ಮಡಿಸಿದ ತೋಳುಗಳು ನೋಟವನ್ನು ಹೊರಗೆ ಜಾರಗೊಡದೆ ಮುಖಕ್ಕೆ ಮರಳಿಸುತ್ತವೆ, ನಿಂತ ಮೈ ಒಂದೇ ನೀಳ ಆಕಾರವಾಗಿ ಅವನ್ನು ಹೊರುತ್ತದೆ. ಆದರೆ ಹಿನ್ನೆಲೆಯನ್ನು ಒಂದಿಷ್ಟು ತಿಳಿಗೊಳಿಸಿದರೂ ಆ ತೋಳುಗಳು ಬರೀ ತೋಳುಗಳು.