ಮುಳ್ಳು ಕೇಳದ ಪ್ರಶ್ನೆ

ಮೆಸ್ಸಿನಾದ ಮುಳ್ಳಿನ ಕಥೆ ಜೀವಶಾಸ್ತ್ರ ಓದಿದವರಿಗೆಲ್ಲ ಬಾಯಿಪಾಠ. 1882ರಲ್ಲಿ ಅಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಜೀವಕೋಶಗಳು ಅದನ್ನು ಮುತ್ತಿಕೊಂಡಿದ್ದವು. ಆ ಪ್ರಯೋಗದ ಸರಳತೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ನನ್ನ ತಕರಾರಿರುವುದು ಅದರ ಬೆನ್ನಿಗೆ ಬೆಳೆದ ತೀರ್ಪಿನ ಬಗ್ಗೆ: ಕಡಲ ಅಕಶೇರುಕಗಳ ರಕ್ತಕಣಗಳಿಗೆ ಗೊತ್ತಿರುವುದು ಸಿಕ್ಕಿದ್ದನ್ನು ನುಂಗುವುದಷ್ಟೇ, ತನ್ನದು-ಪರರದು ಎಂಬ ಸೂಕ್ಷ್ಮ ವಿವೇಚನೆ ಬೆನ್ನೆಲುಬಿದ್ದವರ ಸೊತ್ತು.

ಮುಳ್ಳು ನಿರ್ಜೀವ ವಸ್ತು. ಅದು ಹೊರಗಿನದೆಂದು ತಿಳಿಯಲು ಹೆಚ್ಚಿನ ಜಾಣ್ಮೆ ಬೇಕಿಲ್ಲ. ಎದುರಾಗುವುದು ಸ್ವಜಾತಿಯದೇ ಇನ್ನೊಂದು ಜೀವಿಯ ಕೋಶವಾದಾಗ ನಿಜವಾದ ಪರೀಕ್ಷೆ.

ಬೋಟ್ರಿಲಸ್ ನೋಡಿ. ಬಂಡೆಗೂ ದೋಣಿಯ ತಳಕ್ಕೂ ಅಂಟಿಕೊಂಡು, ಹೂವಿನೆಸಳಿನ ವಿನ್ಯಾಸದಲ್ಲಿ ಹರಡುವ ವಸಾಹತು ಪ್ರಾಣಿ. ಎರಡು ವಸಾಹತುಗಳು ಬೆಳೆಯುತ್ತ ಎದುರಾದಾಗ ಅಂಚಿನ ರಕ್ತನಾಳಗಳ ಉಬ್ಬಿದ ತುದಿಗಳು ಪರಸ್ಪರ ತಾಗುತ್ತವೆ. ಒಂದು ನಿರ್ದಿಷ್ಟ ಜೀನ್ ನೆಲೆಯ ಎರಡು ರೂಪಗಳಲ್ಲಿ ಒಂದಾದರೂ ಇಬ್ಬರಲ್ಲೂ ಇದ್ದರೆ ನಾಳಗಳು ಕೂಡಿಕೊಂಡು ರಕ್ತ ಬೆರೆಯುತ್ತದೆ. ಇಲ್ಲವಾದರೆ ಮೊರುಲಾ ಎಂಬ ರಕ್ತಕಣಗಳು ನಾಳದಿಂದ ಹೊರನುಗ್ಗಿ, ಒಡೆದು, ಫೀನಾಲ್ ಆಕ್ಸಿಡೇಸ್ ಕಿಣ್ವ ಸುರಿಸುತ್ತವೆ. ಗಡಿಯಲ್ಲಿ ಕಂದು ಕಲೆಗಳೆದ್ದು ಅಂಗಾಂಶ ಸಾಯುತ್ತದೆ. ಈ ಕಾಳಗವನ್ನು ನಿರ್ಧರಿಸುವುದು ನುಂಗುವಿಕೆಯಲ್ಲ. ಇಷ್ಟು ಕಟ್ಟುನಿಟ್ಟು ಏಕೆಂದರೆ, ರಕ್ತ ಬೆರೆತಾಗ ಒಂದರ ಸಂತಾನಕೋಶಗಳು ಇನ್ನೊಂದರ ಒಡಲು ಹೊಕ್ಕು ಅಲ್ಲಿ ತಮ್ಮದೇ ಅಂಡ, ವೀರ್ಯಾಣು ಹುಟ್ಟಿಸಬಲ್ಲವು. ನೆರೆಯವನ ಕೋಶದಿಂದ ವಂಶಕ್ಕೇ ಕುತ್ತು.

ಬೋಟ್ರಿಲಸ್ ಕಶೇರುಕಗಳ ಹತ್ತಿರದ ಬಂಧು, ಆದ್ದರಿಂದ ಅದು ಅಪವಾದ ಎಂಬ ಆಕ್ಷೇಪ ಬರಬಹುದು. ಹಾಗಿದ್ದರೆ ಸೀ ಅರ್ಚಿನ್ ಬಗ್ಗೆ ಏನೆನ್ನುತ್ತಾರೆ? 2006ರಲ್ಲಿ ಅದರ ಜೀನೋಮ್ ಓದಿದಾಗ ರೋಗಾಣುಗಳನ್ನು ಗುರುತಿಸುವ ಟೋಲ್ ಮಾದರಿಯ ಗ್ರಾಹಕಗಳ ಜೀನ್‌ಗಳೇ 222 ಸಿಕ್ಕವು. ಮನುಷ್ಯನಲ್ಲಿ ಕೆಲಸ ಮಾಡುವಂಥವು 10. ಒಮ್ಮೆ ಕಂಡ ಶತ್ರುವನ್ನು ನೆನಪಿಡುವ ಶಕ್ತಿ ಇವಕ್ಕಿದೆಯೆಂದು ಮಾತ್ರ ನಾನು ವಾದಿಸಲಾರೆ. ಅಲ್ಲಿ ಪುರಾವೆ ತೆಳು.

ಗಟ್ಟಿ ಆಕ್ಷೇಪ ಬೇರೆಯಿದೆ. ನಮ್ಮ ಕರಾವಳಿಯ ಮರುವಾಯಿಯಂತೆ ಎರಡು ಚಿಪ್ಪಿನ ಮಾಯಾ ಅರೆನೇರಿಯಾದಲ್ಲಿ ರಕ್ತಕ್ಯಾನ್ಸರಿನ ಕೋಶಗಳೇ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆಂದು 2015ರಲ್ಲಿ ಸಾಬೀತಾಯಿತು. ಪರರ ರಕ್ತಕಣ ಒಳಹೊಕ್ಕರೂ ತಡೆಯಲಾಗದ ರಕ್ಷಣೆ ಆದಿಮವಲ್ಲದೆ ಇನ್ನೇನು? ಆದರೆ ತನ್ನದು-ಪರರದು ಗುರುತಿಸಲು ನೆರವಾಗುವ ಎಂಎಚ್‌ಸಿ ಅಣುಗಳು, ಟಿ-ಕೋಶಗಳು ಎಲ್ಲ ಇದ್ದೂ ಟ್ಯಾಸ್ಮೇನಿಯನ್ ಡೆವಿಲ್‌ಗಳು ಇಂಥದೇ ಮುಖದ ಕ್ಯಾನ್ಸರಿಗೆ ಬಲಿಯಾಗುತ್ತಿವೆ. ನಾಯಿಯಿಂದ ನಾಯಿಗೆ ದಾಟುವ ಜನನಾಂಗದ ಗಡ್ಡೆ ಸಾವಿರಾರು ವರ್ಷಗಳಿಂದ ಉಳಿದುಬಂದಿದೆ. ಆ ಸೋಲುಗಳನ್ನು ವಿವರಿಸುವಾಗ ಯಾರೂ ಸಸ್ತನಿಗಳ ರಕ್ಷಣಾ ವ್ಯವಸ್ಥೆಯನ್ನೇ ಆದಿಮವೆಂದು ಕರೆಯುವುದಿಲ್ಲ. ಗಡ್ಡೆ ಹೇಗೆ ಕಣ್ತಪ್ಪಿಸಿತು ಎಂದು ಹುಡುಕುತ್ತಾರೆ. ಚಿಪ್ಪುಜೀವಿಯ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ.